ತ್ಯಾಗವೂ ಅಭಾವವೂ: ಉಚ್ಚಂಗಿದುರ್ಗವನ್ನು ಕುರಿತು ಒಂದು ವಿಚಾರ

ಕಡಿಮೆಯಲ್ಲಿ ಬಾಳುವುದು ಗುಣವೆಂಬುದನ್ನು ಎಲ್ಲ ಧರ್ಮಗಳೂ ಒಪ್ಪುತ್ತವೆ. ಜೈನ ಶ್ರಾವಕನಿಗಂತೂ ಇದು ಬರಿಯ ಉಪದೇಶವಲ್ಲ, ವ್ರತ. ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯ ಮೊದಲಾದವುಗಳಿಗೆ ತಾನೇ ಒಂದು ಎಲ್ಲೆಯನ್ನು ಗೊತ್ತುಪಡಿಸಿಕೊಂಡು, ಅದರಾಚೆಗೆ ಕೈ ಚಾಚದಿರುವುದನ್ನು ಪರಿಗ್ರಹಪರಿಮಾಣವೆಂದು ಕರೆದು, ಐದು ಅಣುವ್ರತಗಳಲ್ಲಿ ಒಂದಾಗಿ ಎಣಿಸಲಾಗಿದೆ. ಇಷ್ಟರಮಟ್ಟಿಗೆ ವಿವಾದವಿಲ್ಲ. ವಿವಾದವು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಕಡಿಮೆಯಲ್ಲಿ ಬಾಳುತ್ತಿರುವವರೆಲ್ಲರೂ ವ್ರತಿಗಳೇ? ಊಟವನ್ನು ಬಿಟ್ಟವನೂ ಊಟ ಸಿಗದವನೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತಾರೆ. ಇಬ್ಬರ ಹೊಟ್ಟೆಯೂ ಬರಿದೇ. ಹಾಗೆಂದು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಉಪವಾಸಿಗಳೆಂದು ಕರೆಯಬಹುದೇ?

ಪಟ್ಟಣಿಗರು ಸಣ್ಣ ಊರುಗಳನ್ನು ಕುರಿತು ಮಾತನಾಡುವಾಗ ಈ ಪ್ರಶ್ನೆಯನ್ನು ಮರೆಯುವುದೇ ಹೆಚ್ಚು. ಗುಡ್ಡಗಾಡಿನ ಜನ ಅಲ್ಪತೃಪ್ತರು, ಅವರಿಗೆ ಆಸೆಗಳಿಲ್ಲ, ಆದ್ದರಿಂದ ದುಃಖವೂ ಇಲ್ಲ ಎಂಬ ಪ್ರಶಂಸೆಯ ಮಾತು ಅಂಗಡಿಯ ಗದ್ದುಗೆಯ ಮೇಲೂ ಕೇಳಿಬರುತ್ತದೆ, ಸಭೆಯ ವೇದಿಕೆಯ ಮೇಲೂ ಕೇಳಿಬರುತ್ತದೆ. ಈ ಪ್ರಶಂಸೆ ನ್ಯಾಯವಾದುದೇ ಎಂಬುದನ್ನು ಪರೀಕ್ಷಿಸಲು ದಾವಣಗೆರೆ ಮತ್ತು ಹರಿಹರದ ವಾಚಕರು ಬಹು ದೂರ ಹೋಗಬೇಕಾಗಿಲ್ಲ. ದಾವಣಗೆರೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಹರಪನಹಳ್ಳಿ ತಾಲ್ಲೂಕಿನಲ್ಲಿ, ಬಯಲಿನ ನಡುವೆ ತಲೆ ಎತ್ತಿ ನಿಂತಿರುವ ಉಚ್ಚಂಗಿದುರ್ಗವೇ ಇದಕ್ಕೆ ತಕ್ಕ ಉದಾಹರಣೆ.

ಹೆಸರೇ ಹೇಳುವಂತೆ ಇದು ಬೆಟ್ಟದ ಕೋಟೆ. ಮೇಲೆ ಕೋಟೆಯ ಅವಶೇಷಗಳೂ ಉಚ್ಚಂಗೆಮ್ಮನ ಗುಡಿಯೂ ಇವೆ. ಈ ದೇವಿಯನ್ನು ಉತ್ಸವಾಂಬೆಯೆಂದೂ ಉಚ್ಚಂಗಿ ಯಲ್ಲಮ್ಮನೆಂದೂ ಕರೆಯುತ್ತಾರೆ. ಕೆಳಗೆ ಊರು. ಸುತ್ತಲಿನ ಹೊಲಗಳ ಬಹುಭಾಗ ಮಳೆಯನ್ನೇ ನಂಬಿದ್ದು, ಮೆಕ್ಕೆಜೋಳ, ಜೋಳ, ಶೇಂಗಾ ಮುಂತಾದ ಬೆಳೆಗಳಿಗೆ ಮೀಸಲು. ದಕ್ಷಿಣಕ್ಕೆ ದಾವಣಗೆರೆ, ಹರಿಹರಗಳ ಕಡೆ ಭದ್ರಾ ನಾಲೆಯ ನೀರು ಹರಿದು ಭತ್ತದ ಗದ್ದೆಗಳನ್ನೂ ಅಡಿಕೆ ತೋಟಗಳನ್ನೂ ಹಸುರಾಗಿಸಿದರೆ, ದುರ್ಗದ ರೈತ ಮುಗಿಲನ್ನು ನೋಡುತ್ತಾನೆ. ಹುಣ್ಣಿಮೆಯ ದಿನಗಳಲ್ಲಿ, ವಿಶೇಷವಾಗಿ ಭರತ ಹುಣ್ಣಿಮೆಯಂದು, ಸಾವಿರಾರು ಭಕ್ತರು ಬಂದು ಬೆಟ್ಟವೇರುತ್ತಾರೆ. ಮರುದಿನ ಜನ ಚದುರಿ ಊರು ಮತ್ತೆ ಸಣ್ಣದಾಗುತ್ತದೆ.

ಆಡಳಿತದ ಕಡತಗಳಲ್ಲಿಯೂ ಈ ಊರಿಗೆ ನೆಲೆಯಾದ ಸ್ಥಾನವಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ತಾಲ್ಲೂಕು 1953ರಲ್ಲಿ ಆ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. ಬೆಟ್ಟ ಇದ್ದಲ್ಲಿಯೇ ಇದೆ. ಯಾರ ಬೆಟ್ಟವೆಂಬ ಲೆಕ್ಕ ಮಾತ್ರ ಬದಲಾಗುತ್ತಾ ಬಂದಿದೆ.

ಇದು ಈ ಬೆಟ್ಟಕ್ಕೆ ಹೊಸ ಅನುಭವವೇನೂ ಅಲ್ಲ. ಒಂದು ಕಾಲದಲ್ಲಿ ದೊರೆಗಳು ಈ ಬೆಟ್ಟಕ್ಕಾಗಿ ಸೈನ್ಯಗಳನ್ನು ಸವೆಸಿದರು. ನೊಳಂಬರಿಗೆ ಇದು ಪ್ರಮುಖ ದುರ್ಗವಾಗಿತ್ತು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ನೊಳಂಬರನ್ನು ಮುರಿದು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಅವನ ಸೇನಾನಿಯಾಗಿದ್ದ ಚಾವುಂಡರಾಯನಿಗೆ ರಣರಂಗಸಿಂಗನೆಂಬ ಬಿರುದು ಬಂದುದು ಇದೇ ಉಚ್ಚಂಗಿಯ ಕಾಳಗದಿಂದ. ಅನಂತರ ಚಾಲುಕ್ಯರ ಸಾಮಂತರಾದ ಪಾಂಡ್ಯರು ಇಲ್ಲಿಂದ ನೊಳಂಬವಾಡಿಯನ್ನು ಆಳಿದರು. ಉಚ್ಚಂಗಿಯ ಪಾಂಡ್ಯರೆಂದೇ ಚರಿತ್ರೆಯಲ್ಲಿ ಅವರ ಪ್ರಸಿದ್ಧಿ. ಹೊಯ್ಸಳ ವಿಷ್ಣುವರ್ಧನನು ಕೋಟೆಯನ್ನು ಗೆದ್ದನು. ಅದು ಮತ್ತೆ ಕೈತಪ್ಪಿತು. 1177ರಲ್ಲಿ ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು ಮರಳಿ ಹಿಡಿದನು. ಆದರೆ ಸೋತ ಕಾಮದೇವ ಪಾಂಡ್ಯನು ಮರೆಹೊಕ್ಕಾಗ ಬಲ್ಲಾಳನು ಅವನ ರಾಜ್ಯವನ್ನು ಅವನಿಗೇ ಹಿಂದಿರುಗಿಸಿದನೆಂದು ತಿಳಿದುಬರುತ್ತದೆ.

ಈ ಚರಿತ್ರೆಯಲ್ಲಿ ಜೈನ ವಾಚಕನು ನಿಂತು ನೋಡಬೇಕಾದ ಒಂದು ಸ್ಥಳವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವ ಸ್ತಂಭವಿದೆ. ಆ ಸ್ತಂಭದ ಶಾಸನವು ಮಾರಸಿಂಹನ ವಿಜಯಗಳನ್ನು ಹೊಗಳುತ್ತದೆ. ಉಚ್ಚಂಗಿಯ ಕೋಟೆ ಆ ವಿಜಯಗಳಲ್ಲಿ ಒಂದು. ಅದೇ ಶಾಸನವು ಅವನು ರಾಜ್ಯವನ್ನು ತ್ಯಜಿಸಿದುದನ್ನೂ, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನಾಚರಿಸಿ ದೇಹವನ್ನು ಬಿಟ್ಟುದನ್ನೂ ಹೇಳುತ್ತದೆ. ಹಿಡಿದ ಕಥೆಯೂ ಬಿಟ್ಟ ಕಥೆಯೂ ಒಂದೇ ಕಲ್ಲಿನ ಮೇಲಿವೆ. ಸಾವಿರ ವರ್ಷಗಳ ಮೇಲೆ ಓದುವವನಿಗೆ ಇವುಗಳಲ್ಲಿ ಯಾವುದು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಿಡಿದ ಕೋಟೆ ಮುಂದೆ ಬೇರೆಯವರದಾಯಿತು. ಬಿಟ್ಟ ರಾಜ್ಯವನ್ನು ಅವನ ಹೆಸರಿನಿಂದ ಕಸಿದುಕೊಳ್ಳಲು ಯಾರಿಂದಲೂ ಆಗಲಿಲ್ಲ.

ಮಾರಸಿಂಹನದು ತ್ಯಾಗವೆನ್ನಿಸಿಕೊಳ್ಳಲು ಮೂರು ಕಾರಣಗಳಿವೆ. ಬಿಟ್ಟ ವಸ್ತು ಅವನದಾಗಿತ್ತು. ಬಿಡುವುದೇನೆಂಬುದನ್ನು ಅವನು ಬಲ್ಲವನಾಗಿದ್ದನು. ಬಿಡೆನೆಂದು ಹೇಳುವ ಸ್ವಾತಂತ್ರ್ಯ ಅವನಿಗಿತ್ತು. ಈ ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ತ್ಯಾಗವೆಂಬ ಹೆಸರು ನಿಲ್ಲುವುದಿಲ್ಲ. ಉದಾಹರಣೆಗೆ, ಅದೇ ಉಚ್ಚಂಗಿಯ ಗೋಡೆಗಳ ಕೆಳಗೆ ಮಡಿದ ಕಾಲಾಳುಗಳನ್ನು ನೆನೆಯಬಹುದು. ಅವರು ಪ್ರಾಣವನ್ನು ತ್ಯಾಗ ಮಾಡಿದರೆಂದು ಹೇಳುವುದು ರೂಢಿ. ಆದರೆ ದೊರೆಯ ಆಜ್ಞೆಯನ್ನು ಮೀರುವ ಅವಕಾಶವಿಲ್ಲದವನು ಪ್ರಾಣವನ್ನು ಬಿಟ್ಟನೋ, ಅವನಿಂದ ಬಿಡಿಸಲಾಯಿತೋ ಎಂಬುದು ವಿಚಾರಿಸಬೇಕಾದ ಮಾತು. ಇದ್ದುದನ್ನು ಅರಿತು, ಒಲಿದು, ಬಿಡುವುದು ತ್ಯಾಗ. ಇಲ್ಲದಿರುವುದು ಅಭಾವ. ಇದ್ದುದನ್ನು ಮತ್ತೊಬ್ಬನು ಕಿತ್ತುಕೊಂಡರೆ ಅದಕ್ಕೆ ಅಪಹರಣವೆಂದೇ ಹೆಸರು. ಈ ಮೂರಕ್ಕೂ ಒಂದೇ ಗಂಧ, ಒಂದೇ ಹೂವನ್ನು ಏರಿಸಿದರೆ ಧರ್ಮದ ಲೆಕ್ಕ ಕೆಡುತ್ತದೆ.

ಲೆಕ್ಕ ಕೆಟ್ಟರೆ ಏನಾಗುತ್ತದೆಂಬುದನ್ನು ಈ ಬೆಟ್ಟವೇ ಬಹುಕಾಲ ಕಂಡಿದೆ. ಹೇಳಲು ಸಂಕೋಚವಾದರೂ ಮುಚ್ಚಿಡತಕ್ಕ ವಿಷಯವಲ್ಲ. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿ ಉತ್ತರ ಕರ್ನಾಟಕದ ಹಲವು ಯಲ್ಲಮ್ಮನ ಕ್ಷೇತ್ರಗಳಂತೆ ಉಚ್ಚಂಗಿದುರ್ಗದಲ್ಲಿಯೂ ಇತ್ತು. ಮದರಾಸು ಪ್ರಾಂತದಲ್ಲಿ 1947ರಲ್ಲಿಯೇ ಇದನ್ನು ನಿಷೇಧಿಸುವ ಕಾನೂನಾಯಿತು. ಬಳ್ಳಾರಿ ಜಿಲ್ಲೆ ಆಗ ಆ ಪ್ರಾಂತದಲ್ಲಿತ್ತು. ಆದರೂ ಪದ್ಧತಿ ನಿಲ್ಲದೆ, 1982ರಲ್ಲಿ ಕರ್ನಾಟಕ ವಿಧಾನಮಂಡಲವು ಮತ್ತೊಂದು ಕಾನೂನನ್ನು ಮಾಡಬೇಕಾಯಿತು. ಅದರ ನಂತರ 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದ 14 ಜಿಲ್ಲೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ದೇವದಾಸಿಯರನ್ನು ಗುರುತಿಸಲಾಯಿತು. ಅವರಲ್ಲಿ ಬಹುಪಾಲಿನವರು ದಲಿತ ಕುಟುಂಬಗಳ ಮಕ್ಕಳು. ಭರತ ಹುಣ್ಣಿಮೆ ಬಂದಿತೆಂದರೆ ಅಧಿಕಾರಿಗಳೂ ಪೊಲೀಸರೂ ಸ್ವಯಂಸೇವಕರೂ ಬೆಟ್ಟದಲ್ಲಿ ಕಾವಲಿದ್ದು ಎಚ್ಚರವಹಿಸುವ ಏರ್ಪಾಡು ಈ ಕಾರಣದಿಂದಲೇ ಬಂದುದು.

ಈ ಪದ್ಧತಿಗೆ ಭಾಷೆಯಲ್ಲಿ ಇದ್ದ ಹೆಸರು ಯಾವುದು? ದೇವರಿಗೆ ಬಿಡುವುದು, ಹರಕೆ ಒಪ್ಪಿಸುವುದು. ಎರಡೂ ತ್ಯಾಗದ ಮಾತುಗಳೇ. ಮೇಲೆ ಹೇಳಿದ ಮೂರು ಒರೆಗಲ್ಲುಗಳಿಗೆ ಇದನ್ನು ತಿಕ್ಕಿ ನೋಡಿದರೆ ಬಣ್ಣ ತಿಳಿಯುತ್ತದೆ. ಕೊಟ್ಟವರು ತಂದೆತಾಯಿಗಳು, ಕೊಡಲ್ಪಟ್ಟುದು ಮಗುವಿನ ಬಾಳು. ಅದು ಅವರದಾಗಿರಲಿಲ್ಲ. ಕೊಡುವುದೇನೆಂಬುದು ಎಂಟು ಹತ್ತು ವರ್ಷದ ಮಗುವಿಗೆ ತಿಳಿಯದು. ಒಲ್ಲೆನೆನ್ನುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ತಂದೆತಾಯಿಗಳನ್ನೇ ದೂಷಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ಬರ, ಸಾಲ, ಕಾಯಿಲೆ, ಜಾತಿಯ ಕಟ್ಟು ಇವುಗಳ ನಡುವೆ ಸಿಕ್ಕ ಬಡವನಿಗೂ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿದ್ದೀತು? ಇದರಿಂದ ಲಾಭ ಪಡೆದವರು ಉಳ್ಳವರು. ಅವರ ಹೆಸರು ಯಾವ ಸಮೀಕ್ಷೆಯಲ್ಲಿಯೂ ಬರೆಯಲ್ಪಡಲಿಲ್ಲ. ಅಭಾವವನ್ನು ಭಕ್ತಿಯೆಂದು ಕರೆದಾಗ ಅಪಹರಣಕ್ಕೆ ಪೂಜೆಯ ಬಟ್ಟೆ ಸಿಗುತ್ತದೆ. ಹೆಸರುಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರಬೇಕಾದ ಕಾರಣ ಇದೇ.

ಈಗ ದೃಷ್ಟಿಯನ್ನು ಬೆಟ್ಟದಿಂದ ಬಯಲಿಗೆ ಇಳಿಸಬಹುದು. ದಾವಣಗೆರೆಯೂ ಮೊದಲು ಸಣ್ಣ ಹಳ್ಳಿಯೇ. ಹೈದರನು ಅದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದುದರಿಂದ ಪೇಟೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಹರಿಹರಕ್ಕೆ 1224ರಲ್ಲಿ ಪೊಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕೀರ್ತಿಯ ಜೊತೆಗೆ, 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯ ಕೀರ್ತಿಯೂ ಸೇರಿತು. ಅನಂತರ ಕಾಲ ತಿರುಗಿತು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಸದ್ದಡಗಿದವು. ಹರಿಹರದ ಆ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿತು.

ಆಗ ಎರಡು ಊರುಗಳಲ್ಲಿಯೂ ಒಂದು ಮಾತು ಎಲ್ಲರ ಬಾಯಲ್ಲಿತ್ತು: ಅನ್ಯಾಯವಾಯಿತು. ಕೆಲಸ ಕಳೆದುಕೊಂಡ ಕಾರ್ಮಿಕನ ಸಂಸಾರವನ್ನು ಕಂಡು, ಇವನು ಈಗ ಅಪರಿಗ್ರಹಿಯಾದನು, ಇವನಿಗೆ ಆಸೆಗಳು ಕಡಿಮೆಯಾದವು ಎಂದು ಯಾರೂ ಹೊಗಳಲಿಲ್ಲ. ಹೊಗಳಿದ್ದರೆ ಅದು ಕ್ರೂರವಾದ ಹಾಸ್ಯವಾಗುತ್ತಿತ್ತು. ಪರಿಹಾರ ಬೇಕು, ಬಾಕಿ ಸಲ್ಲಬೇಕು, ಬೇರೆ ಉದ್ಯೋಗ ಬೇಕು ಎಂದರು. ಅದು ಸರಿಯಾದ ಮಾತೇ. ಆದರೆ ದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಮಳೆ ಬಾರದೆ ಬೆಳೆ ಹೋಗಿ, ಯುವಕರು ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಗಳಿಗೂ ಗುಳೆ ಹೊರಟಾಗ, ಉಳಿದ ಮುದುಕರ ಬಾಳನ್ನು ಅದೇ ಪಟ್ಟಣವು ಸರಳಜೀವನವೆಂದು ಕರೆಯುತ್ತದೆ.

ವರ್ತಕನಾದ ಶ್ರಾವಕನಿಗೆ ಈ ದೋಷದ ಹೆಸರು ಗೊತ್ತಿರಬೇಕು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದು ಒಂದು. ಕೊಳ್ಳುವಾಗ ಹೆಚ್ಚು ತೂಗುವ ಕಲ್ಲು, ಮಾರುವಾಗ ಕಡಿಮೆ ತೂಗುವ ಕಲ್ಲು, ಹೀಗೆ ಎರಡು ತೂಕಗಳನ್ನಿಟ್ಟುಕೊಳ್ಳುವುದು ಕಳ್ಳತನಕ್ಕೆ ಸಮೀಪವಾದುದೆಂದು ಶಾಸ್ತ್ರಕಾರರು ಎಚ್ಚರಿಸಿದ್ದಾರೆ. ತಕ್ಕಡಿಯ ಕಲ್ಲನ್ನು ಈಗ ಸರ್ಕಾರವೇ ಪರೀಕ್ಷಿಸಿ ಮುದ್ರೆಯೊತ್ತುತ್ತದೆ. ಮಾತಿನ ಕಲ್ಲಿಗೆ ಮುದ್ರೆಯೊತ್ತುವವರಿಲ್ಲ. ತನ್ನ ನಷ್ಟವನ್ನು ಅನ್ಯಾಯವೆಂದೂ ಪರರ ನಷ್ಟವನ್ನು ಸಂತೃಪ್ತಿಯೆಂದೂ ತೂಗುವವನು ಅಂಗಡಿಯಲ್ಲಿ ಎಷ್ಟೇ ಪ್ರಾಮಾಣಿಕನಾದರೂ ಈ ಅತಿಚಾರದಿಂದ ಪಾರಾದವನಲ್ಲ.

ಹಾಗಾದರೆ ಸಣ್ಣ ಊರಿಗೆ ನಿಜವಾದ ಅಪರಿಗ್ರಹವು ಸಾಧ್ಯವೇ ಇಲ್ಲವೇ? ಒಂದು ವ್ಯಕ್ತಿಯಂತೆ ಒಂದು ಊರೂ ತನಗೆ ತಾನೇ ಮಿತಿ ಹಾಕಿಕೊಳ್ಳಬಲ್ಲದೇ? ಇದಕ್ಕೆ ಉತ್ತರ ದೂರದ ಜಪಾನಿನಲ್ಲಿ, ಮತ್ತೊಂದು ಬೆಟ್ಟದೂರಿನಲ್ಲಿ ದೊರೆಯುತ್ತದೆ. ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ ಕಮಿಕತ್ಸು ಎಂಬ ಪುಟ್ಟ ಪಟ್ಟಣವಿದೆ. 1950ರ ದಶಕದಲ್ಲಿ ಆರು ಸಾವಿರಕ್ಕೂ ಹೆಚ್ಚಿದ್ದ ಅಲ್ಲಿನ ಜನಸಂಖ್ಯೆ ಈಗ 1,500ಕ್ಕಿಂತ ಕಡಿಮೆ. ಅವರಲ್ಲಿ ಅರ್ಧದಷ್ಟು ಮಂದಿ 65 ವರ್ಷ ಮೀರಿದವರು. ಯುವಕರು ನಗರಗಳಿಗೆ ಹೋದರು. 1981ರ ಕಡು ಚಳಿಯಲ್ಲಿ ಊರಿನ ಕಿತ್ತಳೆಯ ತೋಟಗಳು ಹಾಳಾದವು. ಸುಮಾರು ಐದು ವರ್ಷಗಳ ನಂತರ, ಕೃಷಿ ಸಹಕಾರ ಸಂಘದ ನೌಕರನೊಬ್ಬನ ಸಲಹೆಯಂತೆ, ಭೋಜನಗೃಹಗಳಲ್ಲಿ ತಟ್ಟೆಯನ್ನು ಅಲಂಕರಿಸಲು ಬಳಸುವ ಎಲೆಗಳನ್ನೂ ಹೂಗಳನ್ನೂ ಬಿಡಿಸಿ ಮಾರುವ ಉದ್ಯಮವನ್ನು ಅಲ್ಲಿನ ಜನ ಆರಂಭಿಸಿದರು. ಹಗುರವಾದ ಕೆಲಸವಾದ್ದರಿಂದ ವೃದ್ಧೆಯರಿಗೂ ಸ್ವಂತ ಸಂಪಾದನೆಯಾಯಿತು.

ಮಿತಿಯ ಮಾತು ಬಂದುದು ಅದರ ಮೇಲೆ. ಕಸವನ್ನು ಸುಡುತ್ತಿದ್ದ ಆ ಊರಿಗೆ, ವಿಷಾನಿಲಗಳನ್ನು ತಡೆಯುವ ಹೊಸ ಕಾನೂನಿನಿಂದಾಗಿ, ಸುಡುವ ದಾರಿ ಮುಚ್ಚಿತು. ದೊಡ್ಡ ಯಂತ್ರವನ್ನು ಕೊಳ್ಳಲು ಹಣವಿರಲಿಲ್ಲ. ಇಲ್ಲಿಯವರೆಗೆ ಇದು ಅಭಾವವೇ. ಆದರೆ ಊರು ಅಲ್ಲಿ ನಿಲ್ಲಲಿಲ್ಲ. 2003ರಲ್ಲಿ, ಜಪಾನಿನಲ್ಲಿಯೇ ಮೊದಲನೆಯದಾಗಿ, ಸುಡುವ ಮತ್ತು ಹೂಳುವ ಕಸವನ್ನು 2020ರೊಳಗೆ ಇಲ್ಲವಾಗಿಸುವೆವೆಂದು ಘೋಷಿಸಿತು. ಅಡಿಗೆಮನೆಯ ಕಸವನ್ನು ಮನೆಯಲ್ಲಿಯೇ ಗೊಬ್ಬರ ಮಾಡುವುದು, ಉಳಿದುದನ್ನು ತೊಳೆದು ಒಣಗಿಸಿ ತಾವೇ ಸಂಗ್ರಹ ಕೇಂದ್ರಕ್ಕೆ ಒಯ್ದು 45 ಬಗೆಗಳಾಗಿ ವಿಂಗಡಿಸುವುದು, ಇವು ಅಲ್ಲಿನವರ ನಿತ್ಯದ ನಡವಳಿಕೆಯಾದವು. ಕಸದ ಸುಮಾರು ಶೇಕಡಾ 80 ಭಾಗ ಮರುಬಳಕೆಗೆ ಸಲ್ಲುತ್ತದೆ. ದೇಶದ ಸರಾಸರಿ ಸುಮಾರು ಶೇಕಡಾ 20. ಗುರಿಯನ್ನು ಪೂರ್ಣವಾಗಿ ಮುಟ್ಟಲಾಗಲಿಲ್ಲ, ಜನಸಂಖ್ಯೆ ಇಳಿಯುವುದೂ ನಿಲ್ಲಲಿಲ್ಲ. ಆದರೂ ಅಲ್ಲಿನ ವೃದ್ಧೆಯು ಬಾಟಲಿಯನ್ನು ತೊಳೆದು ಒಣಗಿಸುವುದು ವ್ರತಕ್ಕೆ ಸಮೀಪವಾದ ಆಚರಣೆ. ಬಿಡುವ ವಸ್ತು ಅವಳದು, ಬಿಡುವುದೇಕೆಂಬುದು ಅವಳಿಗೆ ಗೊತ್ತು, ನಿರ್ಧಾರದಲ್ಲಿ ಅವಳ ಪಾಲೂ ಇದೆ.

ಇಲ್ಲಿ ಒಂದು ಕ್ರಮವನ್ನು ಗಮನಿಸಬೇಕು. ಕಮಿಕತ್ಸುವಿನ ವೃದ್ಧೆಗೆ ಮೊದಲು ಸ್ವಂತ ಸಂಪಾದನೆಯಿತ್ತು. ಜೊತೆಗೆ ವೈದ್ಯರಿದ್ದರು, ವಿದ್ಯೆಯಿತ್ತು, ದೇಶದ ಪಿಂಚಣಿಯಿತ್ತು. ವ್ರತ ಅನಂತರ ಬಂದಿತು. ಸಾಕೆನ್ನುವ ಮಾತನ್ನಾಡಲು ಮೊದಲು ಸಾಕಾಗುವಷ್ಟು ಇರಬೇಕು. ವಸ್ತುವಿಗಿಂತ ವಸ್ತುವಿನ ಮೇಲಣ ಮಮಕಾರವೇ ಪರಿಗ್ರಹದ ಬೇರು ಎಂಬುದು ಜೈನಾಚಾರ್ಯರ ನಿರ್ಣಯವಷ್ಟೆ. ಅದರಂತೆ ನೋಡಿದರೆ ಬಡವನೂ ಮಮಕಾರಿಯಾಗಬಹುದು, ಧನಿಕನೂ ನಿರ್ಮಮನಾಗಬಹುದು. ಬರಿಗೈ ಒಂದೇ ಅಪರಿಗ್ರಹದ ಗುರುತಲ್ಲ. ಆದ್ದರಿಂದ ಅಪರಿಗ್ರಹದ ಉಪದೇಶವು ಮೊದಲು ಸಲ್ಲುವುದು ಬಯಲಿಗೆ, ಬೆಟ್ಟಕ್ಕಲ್ಲ. ಮನೆಯ ಮೇಲೆ ಮನೆ ಕಟ್ಟುವವನು, ಗೋದಾಮಿನ ಪಕ್ಕದಲ್ಲಿ ಗೋದಾಮು ಎಬ್ಬಿಸುವವನು, ಅದನ್ನು ಕೇಳಬೇಕಾದವನು.

ಇದಕ್ಕೆ ಒಂದು ಆಕ್ಷೇಪವಿದೆ. ಹೀಗೆ ಹೇಳಿದರೆ ಉಚ್ಚಂಗಿದುರ್ಗವೂ ಮತ್ತೊಂದು ದಾವಣಗೆರೆಯಾಗಲಿ, ಅಲ್ಲಿಯೂ ಕಾರ್ಖಾನೆಗಳೂ ಆಸೆಗಳೂ ಬೆಳೆಯಲಿ ಎಂದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹಾಗಾಗುವುದಿಲ್ಲ. ಊರು ದೊಡ್ಡದಾಗಬೇಕೋ ಸಣ್ಣದಾಗಿಯೇ ಉಳಿಯಬೇಕೋ ಎಂಬುದನ್ನು ನಿರ್ಧರಿಸಬೇಕಾದವರು ಆ ಊರಿನವರು. ಆ ನಿರ್ಧಾರವನ್ನು ಬರವಾಗಲಿ, ಸಾಲವಾಗಲಿ, ಪಟ್ಟಣದ ಹೊಗಳಿಕೆಯಾಗಲಿ ಅವರ ಪರವಾಗಿ ಮಾಡಕೂಡದು, ಇಷ್ಟೇ ವಾದ. ಓದು ಮುಗಿಸಿದ ಹುಡುಗನೊಬ್ಬನು ದಾವಣಗೆರೆಯಲ್ಲಿ ನಿಲ್ಲಬಹುದಾದ ಸ್ಥಿತಿಯಲ್ಲಿದ್ದೂ ದುರ್ಗಕ್ಕೆ ಮರಳಿದರೆ, ಅವನ ಸರಳತೆಗೆ ನಮಸ್ಕರಿಸಬಹುದು. ಬೇರೆ ದಾರಿಯಿಲ್ಲದೆ ಉಳಿದವನಿಗೆ ನಮಸ್ಕಾರ ಸಾಲದು.

ಬೇಕಾದುದು ಏನೆಂಬುದನ್ನು ಹುಡುಕಲು ಹೊಸ ಶಾಸ್ತ್ರ ಬೇಡ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರು ಶ್ರಾವಕರ ಮನೆಯ ಮಕ್ಕಳಿಗೂ ಬಾಯಿಪಾಠ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು 1965ರಿಂದಲೂ ಇದೆ, ಶಾಲಾ ಕಾಲೇಜುಗಳು ಅನೇಕ ಇವೆ, ಧಾನ್ಯದ ಪೇಟೆಯಿದೆ. ದುರ್ಗದ ರೈತನ ಮೆಕ್ಕೆಜೋಳಕ್ಕೆ ತೂಕದಲ್ಲಿಯೂ ಬೆಲೆಯಲ್ಲಿಯೂ ಮೋಸವಾಗದಿದ್ದರೆ ಅದೇ ಮೊದಲನೆಯ ಆಹಾರದಾನ. ಆ ಕಡೆಯ ಹಳ್ಳಿಗಳಿಂದ ಓದಲು ಬಂದ ಹೆಣ್ಣುಮಗುವಿಗೆ ಶುಲ್ಕವನ್ನೂ ಇರಲು ಸುರಕ್ಷಿತವಾದ ಸ್ಥಳವನ್ನೂ ಒದಗಿಸಿದರೆ, ಶಾಸ್ತ್ರದಾನ ಮತ್ತು ಅಭಯದಾನ ಎರಡೂ ಒಟ್ಟಿಗೆ ಆದಂತೆ; ಓದುತ್ತಿರುವ ಮಗಳಿಗೆ ಮುತ್ತು ಕಟ್ಟುವುದು ಕಷ್ಟ. ಭರತ ಹುಣ್ಣಿಮೆಯಂದು ಬೆಟ್ಟವೇರಿದವನು ತಾನು ಒಯ್ದ ಪ್ಲಾಸ್ಟಿಕ್ಕನ್ನು ತಾನೇ ಹೊತ್ತು ಇಳಿಸಿದರೆ, ಕಮಿಕತ್ಸುವಿನಿಂದ ಅಷ್ಟಾದರೂ ಕಲಿತಂತಾಯಿತು.

ಇದಾವುದನ್ನೂ ದಯೆಯ ಖಾತೆಯಲ್ಲಿ ಬರೆದುಕೊಳ್ಳುವುದು ಉಚಿತವಲ್ಲ. ಬೆಟ್ಟದ ಕಡೆಯ ಧಾನ್ಯವನ್ನೂ ದುಡಿಮೆಯನ್ನೂ ಬಯಲು ತಲೆಮಾರುಗಳಿಂದ ಪಡೆದಿದೆ; ಸಲ್ಲಿಸುವುದು ಬಾಕಿಯ ಒಂದು ಅಂಶ ಮಾತ್ರ. ಗೆದ್ದ ರಾಜ್ಯವನ್ನು ಬಲ್ಲಾಳನು ಸೋತವನಿಗೆ ಹಿಂದಿರುಗಿಸಿದ ಬೆಟ್ಟ ಅದು. ಅಲ್ಲಿನವರ ಪಾಲಿಗೆ ಸಲ್ಲಬೇಕಾದುದು ಸಂದ ಮೇಲೆ, ಅವರಲ್ಲಿ ಯಾರಾದರೂ ತಾವಾಗಿಯೇ ಇಷ್ಟು ಸಾಕೆಂದರೆ, ಆ ಮಾತಿಗೆ ವ್ರತದ ಗೌರವ ಸಲ್ಲುತ್ತದೆ. ಅಲ್ಲಿಯವರೆಗೆ ಅವರ ಪರವಾಗಿ ಆ ಮಾತನ್ನಾಡುವ ಅಧಿಕಾರ ಬಯಲಿನ ಯಾವ ಶ್ರೀಮಂತನಿಗೂ ಇಲ್ಲ.